ಮತ ಹಾಕುವ ಮುನ್ನ ಪಕ್ಷಗಳ ವಿಜ್ಞಾನನೀತಿಯನ್ನು ನೋಡುವ ಬಗೆ

(ಎಡಪ್ಪಾಡಿಯಲ್ಲಿ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯ ಮೇಲೆ ಕನ್ನಡ ಪಂಡಿತನೊಬ್ಬನು ಎದ್ದು ನಿಂತರೆ ಆತನು ಪಂಪನಿಂದ ತೊಡಗಿ ಗಡಿನಾಡಿನ ಅಳಲಿನಲ್ಲಿ ಮುಗಿಸುವನೆಂಬುದು ಸಭಿಕರೆಲ್ಲರೂ ಬಲ್ಲ ಸಂಗತಿ. ಆ ರೂಢಿಯಿಂದ ಇಂದು ಸ್ವಲ್ಪ ಸರಿದು ನಿಲ್ಲಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಚುನಾವಣೆಯಲ್ಲಿ ಮತ ಹಾಕುವ ಮುನ್ನ ರಾಜಕೀಯ ಪಕ್ಷಗಳ ವಿಜ್ಞಾನನೀತಿಯನ್ನು ತೂಗಿ ನೋಡುವುದು ಹೇಗೆ ಎಂಬುದೇ ನಾವು ಆರಿಸಿಕೊಂಡ ವಿಷಯ. ವ್ಯಾಕರಣ ಹೇಳುವವನಿಗೆ ವಿಜ್ಞಾನದ ಗೊಡವೆ ಏತಕ್ಕೆ ಎಂದು ತಾವು ಕೇಳಬಹುದು. ಮತದಾರನು ವಿಜ್ಞಾನಿಯಾಗಬೇಕೆಂದು ನಾವು ಹೇಳಹೊರಟಿಲ್ಲ. ಕರ್ತೃವಿಗೂ ಕ್ರಿಯೆಗೂ ಅನ್ವಯವಿದೆಯೇ ಎಂದು ನೋಡುವುದು ನಮ್ಮ ಕಸುಬು. ಪಕ್ಷಗಳು ಆಡಿದ ಮಾತಿಗೂ ನಡೆದ ಕಾರ್ಯಕ್ಕೂ ಅನ್ವಯವಿದೆಯೇ ಎಂದು ನೋಡುವುದು ಅದಕ್ಕಿಂತ ಬಹಳ ದೂರದ್ದೇನೂ ಅಲ್ಲ. ಯಾವ ಪಕ್ಷಕ್ಕೆ ಮತ ಹಾಕಬೇಕೆಂಬುದನ್ನು ಮಾತ್ರ ನಮ್ಮ ಬಾಯಿಂದ ನಿರೀಕ್ಷಿಸಬೇಡಿರಿ. ಈ ಸಂಘದಲ್ಲಿ ಎಲ್ಲ ಪಕ್ಷದವರೂ ಇದ್ದಾರೆ, ಇರಬೇಕು.

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಕನ್ನಡವನ್ನಾಡುವ ನಾವು ಬಹುಮಟ್ಟಿಗೆ ಮಗ್ಗವನ್ನೂ ಹೊಲವನ್ನೂ ನಂಬಿದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಊರೂರುಗಳಲ್ಲಿ ಚದರಿ ನೆಲೆಸಿದವರಾದುದರಿಂದ ನಮ್ಮನ್ನು ನೆನೆದು ಪ್ರಣಾಳಿಕೆಯಲ್ಲಿ ಒಂದು ಸಾಲನ್ನು ಬರೆಯುವ ಪಕ್ಷವು ಅಪರೂಪ. ಉಮೇದುವಾರರು ಬೀದಿಗೆ ಬಂದಾಗ ನಾವು ಕೇಳುವುದಾದರೂ ಏನನ್ನು? ಜಾತಿಯ ಪ್ರಮಾಣಪತ್ರ, ರಸ್ತೆ, ಗುಡಿಯ ಮುಂದೊಂದು ದೀಪದ ಕಂಬ, ಶಾಲೆಗೊಬ್ಬ ಕನ್ನಡದ ಉಪಾಧ್ಯಾಯ. ಇವು ಬೇಡವೆಂದಲ್ಲ; ಕೊನೆಯದಂತೂ ನಮ್ಮ ಜೀವ. ಆದರೆ ವಿಜ್ಞಾನವೆಂದೊಡನೆ ಅದು ದಿಲ್ಲಿಯವರ ಮಾತು, ಬೆಂಗಳೂರಿನವರ ಮಾತು ಎಂದು ಕೈಬಿಟ್ಟುಬಿಡುತ್ತೇವೆ. ಹಾಗೆ ಕೈಬಿಟ್ಟುದರ ಬೆಲೆ ಎಷ್ಟೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ನಿದರ್ಶನವಿದೆ.

ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ನೆಲದಡಿಯಲ್ಲಿರುವುದು ಗಟ್ಟಿಕಲ್ಲು. ಆ ಕಲ್ಲಿನಲ್ಲಿ ಫ್ಲೋರಿನ್ ಬೆರೆತ ಖನಿಜಗಳಿವೆ. ನೀರು ಕಲ್ಲಿನ ಬಿರುಕುಗಳಲ್ಲಿ ಎಷ್ಟು ಕಾಲ ನಿಂತಿರುವುದೋ ಅಷ್ಟಷ್ಟು ಆ ಖನಿಜವು ಕರಗಿ ನೀರನ್ನು ಸೇರುವುದು. ಕೆರೆಬಾವಿಗಳು ಬತ್ತಿ, ಕೊಳವೆಬಾವಿಗಳು ಆಳಕ್ಕಿಳಿದು, ಜನರು ಕುಡಿಯುವ ನೀರಿನಲ್ಲಿ ಫ್ಲೋರೈಡು ಹೆಚ್ಚಿತು. ಲೀಟರಿಗೆ 1 ಮಿಲಿಗ್ರಾಮಿನಷ್ಟಿದ್ದರೆ ತಕ್ಕುದು, ಬೇರೆ ನೀರೇ ದೊರೆಯದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳೇಳುವುವು. ಬಹಳವಾಗಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿದು, ಬೆನ್ನು ಮಣಿಯದೆ, ದುಡಿಯುವ ದೇಹವು ಮೂಲೆ ಸೇರುವುದು. ಇದು ಇತ್ತೀಚೆಗೆ ಕಂಡುಹಿಡಿದ ವಿಷಯವಲ್ಲ. 1937ರಷ್ಟು ಹಿಂದೆಯೇ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಈ ರೋಗವನ್ನು ಗುರುತಿಸಿ ಪ್ರಕಟಿಸಿದ್ದರು. ಪಟಿಕವನ್ನೂ ಸುಣ್ಣವನ್ನೂ ಬೆರೆಸಿ ನೀರಿನಿಂದ ಫ್ಲೋರೈಡನ್ನು ತೆಗೆಯುವ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾಲಯವು 1970ರ ದಶಕದಲ್ಲಿ ರೂಪಿಸಿ ಅದಕ್ಕೆ ನಲ್ಗೊಂಡದ ಹೆಸರಿಟ್ಟಿತು. ಆದರೆ ದಿನಂಪ್ರತಿ ಅಳೆದು ಬೆರೆಸುವವರು ಬೇಕು. ತಳದಲ್ಲಿ ನಿಂತ ಕೆಸರನ್ನು ಸುರಿಯಲು ಸ್ಥಳ ಬೇಕು. ನೂರಾರು ಹಳ್ಳಿಗಳಲ್ಲಿ ಇದನ್ನು ತಪ್ಪದೆ ನಡೆಯಿಸುವುದು ಸುಲಭವಲ್ಲ. ನದಿಯ ನೀರನ್ನು ಕೊಳವೆಗಳಲ್ಲಿ ತರುವುದೇ ಮೇಲೆಂಬ ತೀರ್ಮಾನವು ಹೀಗೆ ಹುಟ್ಟಿತು.

ಆ ನದಿ ಕಾವೇರಿ. ಆ ಸ್ಥಳ ಹೊಗೆನಕಲ್ಲು. ಇನ್ನು ಹೇಳಬೇಕೆ! ಕುಡಿಯುವ ನೀರಿಗಾಗಿ 1.4 ಟಿ.ಎಂ.ಸಿ.ಯನ್ನು ಅಲ್ಲಿಂದ ಎತ್ತುವ ವಿಷಯವು 1998ರಲ್ಲಿ ಕೇಂದ್ರ ಸರಕಾರದ ಮುಂದೆ ಉಭಯ ರಾಜ್ಯಗಳ ನಡುವೆ ಚರ್ಚೆಯಾಗಿ ಒಪ್ಪಿಗೆಯನ್ನು ಪಡೆದಿತ್ತು. ಮೆಟ್ಟೂರು ಜಲಾಶಯದ ಪೂರ್ಣ ಸಂಗ್ರಹವು 93.47 ಟಿ.ಎಂ.ಸಿ. ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಎತ್ತಬೇಕಾದ ನೀರು ಅದರ ನೂರರಲ್ಲಿ ಒಂದೂವರೆ ಪಾಲು. 2008ರ ಫೆಬ್ರವರಿಯಲ್ಲಿ ಯೋಜನೆಗೆ ಅಸ್ತಿಭಾರವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ವಿಧಾನಸಭೆಯ ಚುನಾವಣೆ. ನಡುವಣ ವಾರಗಳಲ್ಲಿ ಏನಾಯಿತೆಂಬುದು ನಮ್ಮಲ್ಲಿ ಅನೇಕರಿಗೆ ನೆನಪಿದೆ. ಎರಡೂ ಕಡೆ ಪ್ರತಿಭಟನೆಗಳು, ಬಸ್ಸುಗಳ ಮೇಲೆ ಕಲ್ಲು, ವೇದಿಕೆಗಳ ಮೇಲೆ ಗಡಿಯ ಮಾತು, ಸ್ವಾಭಿಮಾನದ ಮಾತು. ಕೊನೆಗೆ ಏಪ್ರಿಲ್ ತಿಂಗಳಲ್ಲಿ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಕರುಣಾನಿಧಿಯವರು ಕರ್ನಾಟಕದಲ್ಲಿ ಹೊಸ ಸರಕಾರವು ಬರುವ ತನಕ ಯೋಜನೆಯನ್ನು ತಡೆಹಿಡಿದರು. ಜಪಾನಿನ ಸಾಲದ ನೆರವಿನಿಂದ, ಸುಮಾರು 1,900 ಕೋಟಿ ರೂಪಾಯಿ ವೆಚ್ಚದಲ್ಲಿ, ಆ ಯೋಜನೆಯು ಜನರಿಗೆ ಒದಗಿದುದು 2013ರ ಮೇ ತಿಂಗಳಲ್ಲಿ.

ಗಡಿಯ ಕನ್ನಡಿಗನ ಸ್ಥಿತಿಯನ್ನು ಈಗ ಯೋಚಿಸಿ. ಬೆಂಗಳೂರಿನಲ್ಲಿ ಕನ್ನಡದ ಹೆಸರಿನಲ್ಲಿ ಯೋಜನೆಯನ್ನು ವಿರೋಧಿಸುತ್ತಿದ್ದರು. ಧರ್ಮಪುರಿಯ ಹಳ್ಳಿಯಲ್ಲಿ ಕನ್ನಡವನ್ನೇ ಆಡುವ ತಾಯಿ ಅದೇ ಕೊಳವೆಬಾವಿಯ ನೀರನ್ನು ಮಗುವಿಗೆ ಕುಡಿಸುತ್ತಿದ್ದಳು. ಫ್ಲೋರೈಡು ಮನೆಮಾತನ್ನು ವಿಚಾರಿಸಿ ಹಲ್ಲಿಗೆ ಹತ್ತುವುದಿಲ್ಲ. ಎತ್ತಿದ ನೀರನ್ನು ಯಾರ ಪಾಲಿನ ಲೆಕ್ಕದಲ್ಲಿ ಹಿಡಿಯಬೇಕೆಂದು ಕರ್ನಾಟಕದವರು ಕೇಳಿದುದು ನ್ಯಾಯವಾದ ಪ್ರಶ್ನೆಯೇ. ಆದರೆ ಅದು ಅಳತೆಯಿಂದ ತೀರುವ ಪ್ರಶ್ನೆ. ಅಳತೆಯಿಂದ ತೀರುವುದನ್ನು ಆವೇಶದಿಂದ ತೀರಿಸಹೊರಟರೆ ಆವೇಶವೇ ಉಳಿಯುವುದು. ಎರಡು ರಾಜ್ಯಗಳ ಪಕ್ಷಗಳಲ್ಲಿ ಯಾವುದನ್ನೂ ನಾವು ಇಲ್ಲಿ ಪೂರ್ತಿಯಾಗಿ ಬಿಡುಗಡೆ ಮಾಡಲಾರೆವು. ಇಷ್ಟಾಗಿ, ಆ ಪಕ್ಷಗಳಿಂದ ಫ್ಲೋರೈಡಿನ ಅಂಕಿಗಳನ್ನು ಕೇಳಿ ಪಡೆಯುವ ಅಭ್ಯಾಸವು ಮತದಾರರಲ್ಲಿ ಮೊದಲೇ ಇದ್ದಿದ್ದರೆ, ವೇದಿಕೆಯ ಮಾತು ಅಷ್ಟು ಸಲೀಸಾಗಿ ಹರಿಯುತ್ತಿರಲಿಲ್ಲವೆಂದು ನಮ್ಮ ನಂಬಿಕೆ.

ಆದುದರಿಂದ ವಿಜ್ಞಾನನೀತಿಯೆಂದರೆ ಉಪಗ್ರಹ ಹಾರಿಸುವ ಮಾತೊಂದೇ ಎಂದು ತಿಳಿಯಬಾರದು. ಜನರ ಬದುಕಿಗೆ ತಗಲುವ ವಿಷಯವನ್ನು ಯಾರು ಅಳೆಯುವರು, ಅಳೆದುದನ್ನು ಯಾರಿಗೆ ತೋರಿಸುವರು, ಅಳತೆಯು ತಮಗೆ ಪ್ರತಿಕೂಲವಾಗಿ ಬಂದಾಗ ಏನು ಮಾಡುವರು: ಒಂದು ಪಕ್ಷದ ವಿಜ್ಞಾನನೀತಿ ಇರುವುದು ಅಲ್ಲಿ. ಪ್ರಣಾಳಿಕೆಯಲ್ಲಿ 'ವಿಜ್ಞಾನ' ಎಂಬ ಶಬ್ದವು ಎಷ್ಟು ಬಾರಿ ಬಂದಿದೆಯೆಂದು ಎಣಿಸುವುದರಿಂದ ಏನೂ ತಿಳಿಯುವುದಿಲ್ಲ.

ಶಬ್ದಗಳಿಗೆ ನಮ್ಮ ದೇಶದಲ್ಲಿ ಎಂದೂ ಬರಗಾಲವಿಲ್ಲ. 1958ರ ಮಾರ್ಚಿಯಲ್ಲಿ ಜವಾಹರಲಾಲ ನೆಹರೂ ಅವರು ಪಾರ್ಲಿಮೆಂಟಿನ ಮುಂದೆ ಮಂಡಿಸಿದ ವಿಜ್ಞಾನನೀತಿಯ ನಿರ್ಣಯವು ಇಂದು ಓದಿದರೂ ಗಂಭೀರವಾದ ಬರಹ. 1976ರ 42ನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದನ್ನು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲೊಂದಾಗಿ ಸಂವಿಧಾನದಲ್ಲಿ ಸೇರಿಸಿತು. ಆಮೇಲಿನ ಕಥೆಯನ್ನು ಒಂದು ಸಂಖ್ಯೆಯಿಂದಲೇ ಹೇಳಬಹುದು. ವಾಜಪೇಯಿಯವರ ಸರಕಾರವು 2003ರಲ್ಲಿ ಪ್ರಕಟಿಸಿದ ನೀತಿಯು ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 2ರಷ್ಟನ್ನಾದರೂ ಸಂಶೋಧನೆಗೆ ವೆಚ್ಚ ಮಾಡಬೇಕೆಂದಿತು; ಹತ್ತನೆಯ ಯೋಜನೆಯ ಕೊನೆಗೆ, ಎಂದರೆ 2007ರ ವೇಳೆಗೆ, ಆ ಮಟ್ಟವನ್ನು ಮುಟ್ಟಬೇಕಾಗಿತ್ತು. ಮನಮೋಹನ ಸಿಂಗರ ಸರಕಾರವು 2013ರಲ್ಲಿ ಹೊಸ ನೀತಿಯನ್ನು ತಂದಿತು. ಅದರಲ್ಲಿಯೂ ಅದೇ ನೂರಕ್ಕೆ 2! 2020-21ರಲ್ಲಿ ನಿಜವಾಗಿ ಆದ ವೆಚ್ಚವಾದರೋ 0.64. ನೂರು ರೂಪಾಯಿಗೆ 64 ಪೈಸೆ. ದಕ್ಷಿಣ ಕೊರಿಯದವರು ನೂರಕ್ಕೆ ಸುಮಾರು 5ರಷ್ಟನ್ನು ವೆಚ್ಚ ಮಾಡುತ್ತಾರೆ. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನದ ಕಾಯಿದೆಯಾಯಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಎಂಬುದು ಅದರ ಘೋಷಣೆ. ಅದರಲ್ಲಿ ಬಹುಪಾಲು ಸರಕಾರದ ಬೊಕ್ಕಸದ ಹೊರಗಿನಿಂದ ಬರಬೇಕೆಂಬುದು ಅದರ ಲೆಕ್ಕ.

ಇದರಿಂದ ತೋರುವುದೇನು? ಎರಡು ದೊಡ್ಡ ಪಕ್ಷಗಳ ಮಾತನ್ನು ಮಾತಿನೊಡನೆ ಹೋಲಿಸಿದರೆ ಭೇದವೇ ಕಾಣದು. ಎರಡೂ 2 ಎಂದೇ ಹೇಳಿವೆ. ಮಾತನ್ನು ಕಡತದೊಡನೆ ಹೋಲಿಸಬೇಕು. ಹಾಸು ಒಂದೇ ಬಣ್ಣದ್ದಾಗಿರಬಹುದು. ಹೊಕ್ಕು ಎಷ್ಟು ಒತ್ತಾಗಿದೆಯೆಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ. ಹಿಂದಿನ ಐದು ವರ್ಷಗಳಲ್ಲಿ ಹೇಳಿದ ಹಣವೆಷ್ಟು, ಕೊಟ್ಟ ಹಣವೆಷ್ಟು ಎಂಬುದು ಅಧಿಕಾರದಲ್ಲಿದ್ದ ಪಕ್ಷಕ್ಕೆ ಹಾಕಬೇಕಾದ ಪ್ರಶ್ನೆ. ವಿರೋಧದಲ್ಲಿದ್ದ ಪಕ್ಷವು ತಾನು ಹಿಂದೆ ಆಳಿದಾಗ ಮಾಡಿದುದನ್ನೂ, ಈಗ ಬೇರೆ ರಾಜ್ಯದಲ್ಲಿ ಆಳುತ್ತಿದ್ದರೆ ಅಲ್ಲಿ ಮಾಡುತ್ತಿರುವುದನ್ನೂ ಮುಂದಿಡಬೇಕು.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ವಿಜ್ಞಾನದ ಫಲವು ಚುನಾವಣೆಯ ಪಂಚಾಂಗವನ್ನು ನೋಡಿಕೊಂಡು ಹಣ್ಣಾಗುವುದಿಲ್ಲ. ಕಾವೇರಿಯ ಆಚೆಯ ಗೋಬಿಚೆಟ್ಟಿಪಾಳ್ಯವನ್ನು ತಾವೆಲ್ಲರೂ ಬಲ್ಲಿರಿ. 1967ರಲ್ಲಿ ಅಲ್ಲಿ ಲೋಕಸಭೆಗೆ ಸ್ಪರ್ಧಿಸಿದವರು ಕೇಂದ್ರದ ಆಹಾರ ಮತ್ತು ಕೃಷಿ ಮಂತ್ರಿಗಳಾಗಿದ್ದ ಸಿ. ಸುಬ್ರಹ್ಮಣ್ಯಂ ಅವರು. ಬರಗಾಲದ ಆ ದಿನಗಳಲ್ಲಿ ಅಮೆರಿಕದ ಹಡಗು ಬಂದರೆ ಊಟ ಎಂಬಂತಿದ್ದ ದೇಶಕ್ಕೆ 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡತಳಿಯ ಗೋದಿಬೀಜವನ್ನು ತರಿಸಿದವರು ಅವರು. ಸ್ವಪಕ್ಷದಲ್ಲಿಯೇ ವಿರೋಧವಿತ್ತು. ದಿಲ್ಲಿಯ ತಮ್ಮ ನಿವಾಸದ ಅಂಗಳವನ್ನು ಉಳಿಸಿ ಗೋದಿ ಬೆಳೆಸಿ ತೋರಿಸಿದ ಗಟ್ಟಿಗರು. 1964-65ರಲ್ಲಿ ಸುಮಾರು 12 ದಶಲಕ್ಷ ಟನ್ನಿದ್ದ ಗೋದಿಯ ಬೆಳೆ 1967-68ರಲ್ಲಿ ಸುಮಾರು 16.5 ದಶಲಕ್ಷಕ್ಕೇರಿತು. ಆದರೆ ಚುನಾವಣೆ ನಡೆದುದು 1967ರ ಫೆಬ್ರವರಿಯಲ್ಲಿ. ಪೈರು ಇನ್ನೂ ಹೊಲದಲ್ಲಿತ್ತು. 1965ರ ಹಿಂದೀ ವಿವಾದದಲ್ಲಿ ತಮ್ಮ ಪ್ರಾಂತದ ಪರವಾಗಿ ಮಂತ್ರಿಪದವಿಗೆ ರಾಜೀನಾಮೆಯನ್ನು ಬರೆದುಕೊಟ್ಟಿದ್ದವರೂ ಅವರೇ. ಆದರೂ ಸೋತರು. ಗೆದ್ದ ಪಕ್ಷದ ಕಡೆಯಿಂದ ಅಂದು ಕೇಳಿಬಂದ ಮಾತು ರೂಪಾಯಿಗೆ ಮೂರು ಪಡಿ ಅಕ್ಕಿ. ಅಧಿಕಾರಕ್ಕೆ ಬಂದಮೇಲೆ ಮದರಾಸು, ಕೊಯಮತ್ತೂರು ನಗರಗಳಲ್ಲಿ ರೂಪಾಯಿಗೆ ಒಂದು ಪಡಿಯಂತೆ ಕೊಡತೊಡಗಿದರು.

ಮತದಾರನು ಅವಿವೇಕಿಯೆಂದು ನಾವು ಇದನ್ನು ಹೇಳಲಿಲ್ಲ. ಹಸಿದವನು ಅಕ್ಕಿಯನ್ನು ಕೇಳಿದುದು ಸರಿಯೇ. ಆ ಅಕ್ಕಿ ಯಾವ ಹೊಲದಲ್ಲಿ, ಯಾವ ಬೀಜದಿಂದ, ಯಾವ ಗೊಬ್ಬರದಿಂದ ಬರುವುದೆಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ಇರಲಿಲ್ಲ. ಆಳುವ ಪಕ್ಷವಾದರೂ ತನ್ನ ಕೃಷಿವಿಜ್ಞಾನವನ್ನು ಬೇಸಾಯಗಾರನ ಭಾಷೆಯಲ್ಲಿ ಬಿಡಿಸಿ ಹೇಳುವ ಶ್ರಮವನ್ನು ಸಾಕಷ್ಟು ವಹಿಸಲಿಲ್ಲ. ಸುಬ್ರಹ್ಮಣ್ಯಂ ಅವರಿಗೆ ಭಾರತರತ್ನವು ಬಂದುದು 1998ರಲ್ಲಿ. ಸೋಲಿಗೂ ಮನ್ನಣೆಗೂ ನಡುವೆ ಮೂವತ್ತೊಂದು ವರ್ಷ.

ಇನ್ನೊಂದು ಬಗೆಯ ವಿಜ್ಞಾನವಿದೆ. ಅದರಿಂದ ಅಕ್ಕಿಯೂ ಬಾರದು, ನೀರೂ ಬಾರದು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗಿಂತ ಆಳದಲ್ಲಿ, 1965ರಲ್ಲಿ ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣದ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅದು ಕಂಡಿತು. ಲೋಕದಲ್ಲಿ ಅದಕ್ಕೆ ಮೊದಲು ಕಂಡವರಿಲ್ಲ. ಕನ್ನಡದ ನೆಲದಲ್ಲಿ, ತಮಿಳನ್ನಾಡುವ ಗಣಿಕಾರ್ಮಿಕರು ತೋಡಿದ ಆಳದಲ್ಲಿ ಆ ಶೋಧವಾಯಿತೆಂಬುದು ಗಡಿಯವರಾದ ನಮಗೆ ಹೆಮ್ಮೆಯ ಸಂಗತಿ. ಆ ಗಣಿ 2001ರಲ್ಲಿ ಮುಚ್ಚಿತು. ಅಂತಹುದೇ ಪ್ರಯೋಗಾಲಯವನ್ನು ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ಕಟ್ಟಲು 2015ರಲ್ಲಿ ಕೇಂದ್ರ ಮಂತ್ರಿಮಂಡಲವು ಸುಮಾರು 1,500 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆಯಿತ್ತಿತು. ರಾಜ್ಯದ ಹಲವು ಪಕ್ಷಗಳು ವಿರೋಧಿಸಿದವು, ಮೊಕದ್ದಮೆಗಳಾದವು, 2022ರಲ್ಲಿ ರಾಜ್ಯ ಸರಕಾರವೇ ಸುಪ್ರೀಂ ಕೋರ್ಟಿನಲ್ಲಿ ತನ್ನ ವಿರೋಧವನ್ನು ಬರಹದಲ್ಲಿ ಸಲ್ಲಿಸಿತು. ಈ ವಿರೋಧದಲ್ಲಿ ಎರಡು ಎಳೆಗಳಿದ್ದವು. ಪಶ್ಚಿಮಘಟ್ಟದ ಕಾಡು, ಹುಲಿಗಳ ಸಂಚಾರದ ದಾರಿ, ಬೆಟ್ಟದ ಜಲಮೂಲ ಇವಕ್ಕೆ ಸುರಂಗದಿಂದ ಕೇಡಾದೀತೇ ಎಂಬುದು ಒಂದು. ಇದು ಪರೀಕ್ಷಿಸಿ ಉತ್ತರಿಸಬೇಕಾದ ಆಕ್ಷೇಪ. ನ್ಯೂಟ್ರಿನೋಗಳಿಂದ ವಿಷಕಿರಣ ಸೂಸಿ ಜನರು ಸಾಯುವರೆಂಬುದು ಇನ್ನೊಂದು. ನಾವು ಈ ಸಭೆಯಲ್ಲಿ ಕುಳಿತಿರುವಾಗಲೇ ಪ್ರತಿ ಕ್ಷಣವೂ ಕೋಟ್ಯನುಕೋಟಿ ನ್ಯೂಟ್ರಿನೋಗಳು ನಮ್ಮ ದೇಹವನ್ನು ತೂರಿ ಹೋಗುತ್ತಿವೆ, ಭಯಕ್ಕೆ ಆಧಾರವಿಲ್ಲ. ಪಕ್ಷವೊಂದು ಈ ಎರಡು ಎಳೆಗಳಲ್ಲಿ ಯಾವುದನ್ನು ಹಿಡಿದು ಮಾತನಾಡಿತೆಂದು ನೋಡಿದರೆ ಅದರ ವಿಜ್ಞಾನನೀತಿಯ ಪರಿಚಯವಾಗುವುದು. ಯೋಜನೆಯನ್ನು ಬೆಂಬಲಿಸಿದವರಲ್ಲಿಯೂ, ಹಳ್ಳಿಗರ ಸಂದೇಹವನ್ನು ಅಜ್ಞಾನವೆಂದು ಬದಿಗೊತ್ತಿದವರಿಗೆ ನಾವು ಪೂರ್ಣ ಅಂಕಗಳನ್ನು ಕೊಡಲಾರೆವು.

ತೇನಿಯಿಂದ ಈ ಊರಿಗೇ ಮರಳೋಣ. ಎಡಪ್ಪಾಡಿಯು 2017ರಿಂದ 2021ರವರೆಗೆ ರಾಜ್ಯಕ್ಕೆ ಮುಖ್ಯಮಂತ್ರಿಯನ್ನೇ ಕೊಟ್ಟ ಕ್ಷೇತ್ರ. ಮೆಟ್ಟೂರು ತುಂಬಿ ಹೊರಬೀಳುವ ನೀರನ್ನು ಎತ್ತಿ ಸರಬಂಗಾ ನದಿಯ ಪ್ರದೇಶದ 100 ಒಣಕೆರೆಗಳಿಗೆ ಹಾಯಿಸುವ, 565 ಕೋಟಿ ರೂಪಾಯಿಯ ಯೋಜನೆಗೆ 2020ರ ಮಾರ್ಚಿಯಲ್ಲಿ ಅಸ್ತಿಭಾರ ಹಾಕಿ, ಮರುವರ್ಷ ಫೆಬ್ರವರಿಯಲ್ಲಿ, ಚುನಾವಣೆಯ ಹೊಸಿಲಿನಲ್ಲಿ, ಪ್ರಾರಂಭೋತ್ಸವವನ್ನು ಮಾಡಿದರು. ಕೆರೆ ತುಂಬಬೇಕೆಂಬುದರಲ್ಲಿ ಯಾರಿಗೆ ಭಿನ್ನಾಭಿಪ್ರಾಯವಿದ್ದೀತು? ಕೆಳಗಿನ ತಂಜಾವೂರು ಸೀಮೆಯ ರೈತರು ತಮ್ಮ ಪಾಲಿನ ನೀರಿಗೆ ಕುಂದಾದೀತೆಂದು ಆಕ್ಷೇಪಿಸಿದರು. ಪರವಾಗಿ ಹೇಳುವವರಿಗೂ ವಿರೋಧಿಗಳಿಗೂ ಹಾಕಬೇಕಾದ ಪ್ರಶ್ನೆ ಒಂದೇ: ಹತ್ತು ವರ್ಷಗಳಲ್ಲಿ ಎಷ್ಟು ವರ್ಷ, ವರ್ಷದಲ್ಲಿ ಎಷ್ಟು ದಿನ ಮೆಟ್ಟೂರಿನಲ್ಲಿ ಹೆಚ್ಚುವರಿ ನೀರು ಹರಿಯುವುದು? 2013ರ ಬಳಿಕ ಆ ಜಲಾಶಯವು 120 ಅಡಿ ತುಂಬಿದುದು 2018ರ ಜುಲೈಯಲ್ಲಿ. ಮಳೆಯ ಮತ್ತು ಹರಿವಿನ ಲೆಕ್ಕವನ್ನು ಜನರ ಮುಂದಿಟ್ಟು ಮತ ಕೇಳಿದ ಪಕ್ಷವನ್ನು ನಾವು ಹೆಚ್ಚು ಗೌರವಿಸುವೆವು.

ಮಗ್ಗದ ವಿಷಯ ಹೇಳದಿದ್ದರೆ ಈ ಊರಿನ ಸಭೆ ನಮ್ಮನ್ನು ಕ್ಷಮಿಸದು. ನೇಕಾರರಿಗೆ ಉಚಿತ ವಿದ್ಯುತ್ತಿನಲ್ಲಿ ಪಕ್ಷಗಳು ಸ್ಪರ್ಧೆಗೇ ಇಳಿದಿವೆ. ವಿದ್ಯುನ್ಮಗ್ಗಕ್ಕೆ ಎರಡು ತಿಂಗಳಿಗೆ 2016ರಲ್ಲಿ 750 ಯೂನಿಟ್ಟಾಯಿತು, 2023ರಲ್ಲಿ 1,000 ಆಯಿತು. ಕೈಮಗ್ಗಕ್ಕೆ 200, ಆಮೇಲೆ 300. ಒಂದನ್ನು ಒಂದು ಪಕ್ಷ, ಇನ್ನೊಂದನ್ನು ಇನ್ನೊಂದು ಪಕ್ಷ ಕೊಟ್ಟಿತು. ಸಂತೋಷ, ಬೇಡವೆನ್ನುವ ನೇಕಾರನನ್ನು ನಾವು ಕಂಡಿಲ್ಲ. ಆದರೆ ಮಗ್ಗದ ಸದ್ದಿನಲ್ಲಿ ಇಪ್ಪತ್ತು ವರ್ಷ ದುಡಿದವನ ಕಿವಿಯನ್ನು ಪರೀಕ್ಷಿಸುವ ಮಾತನ್ನು ಈ ಬೀದಿಯಲ್ಲಿ ಯಾವ ಉಮೇದುವಾರನ ಬಾಯಲ್ಲಿಯೂ ನಾವು ಕೇಳಲಿಲ್ಲ. ಕಾರ್ಖಾನೆಗೆ 90 ಡೆಸಿಬಲ್ಲಿನ ಮಿತಿಯುಂಟು. ಮನೆಯೇ ಕಾರ್ಖಾನೆಯಾದಲ್ಲಿ ಅಳೆಯಬರುವವರು ಯಾರು? ಬಣ್ಣದ ನೀರಿನ ವಿಷಯವೂ ಇದೇ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟಮೇಲೆ, 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು. ಮತಪೆಟ್ಟಿಗೆಯ ಮುಂದೆ ಕೇಳದೆ ಬಿಟ್ಟ ಪ್ರಶ್ನೆ ನ್ಯಾಯಾಲಯದಲ್ಲಿ ಎದ್ದಿತು, ಸಾವಿರಾರು ಜನ ಕೂಲಿಯನ್ನು ಕಳೆದುಕೊಂಡ ಮೇಲೆ. ನಮ್ಮ ಸೇಲಂನಲ್ಲಿಯೇ 1960ರಿಂದ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯೊಂದಿದೆ. ಅಲ್ಲಿಯ ವಿದ್ಯೆಯು ಎಡಪ್ಪಾಡಿಯ ಮಗ್ಗದ ಮನೆಗೆ ತಲಪಲು ಏನು ಮಾಡುವಿರೆಂದು ಕೇಳಲು ಪದವಿ ಬೇಕಿಲ್ಲ.

ಪ್ರಣಾಳಿಕೆಯು ಬರಿಯ ಕಾಗದವೆನ್ನುವವರುಂಟು. ಬಣ್ಣದ ಟೆಲಿವಿಷನ್, ಮಿಕ್ಸಿ, ಲ್ಯಾಪ್‌ಟಾಪುಗಳ ವಾಗ್ದಾನದ ಮೇಲೆ ನಡೆದ ಮೊಕದ್ದಮೆಯಲ್ಲಿ 2013ರ ಜುಲೈ 5ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಪ್ರಣಾಳಿಕೆಗಳಿಗೆ ನಿಯಮಗಳನ್ನು ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಹೇಳಿತು. ವಾಗ್ದಾನಕ್ಕೆ ಕಾರಣವನ್ನೂ ಅದಕ್ಕೆ ಬೇಕಾದ ಹಣದ ದಾರಿಯನ್ನೂ ಸ್ಥೂಲವಾಗಿಯಾದರೂ ಸೂಚಿಸಬೇಕೆಂಬುದು ಆಯೋಗದ ನಿಯಮ. ಈ ಹಿಡಿತವು ನಮ್ಮ ಕೈಯಲ್ಲಿದೆ. ಲ್ಯಾಪ್‌ಟಾಪನ್ನು ಕೊಟ್ಟ ಶಾಲೆಯಲ್ಲಿ ಪ್ರಯೋಗಶಾಲೆಯಿದೆಯೇ, ಅದರಲ್ಲಿ ಗಾಜಿನ ನಳಿಗೆಗಳಿವೆಯೇ ಎಂಬುದೂ ಈ ಹೋಲಿಕೆಗೆ ಸೇರಿದ್ದು. ಕನ್ನಡದ ಮಕ್ಕಳಿಗೆ ವಿಜ್ಞಾನದ ಪಾಠವು ತಿಳಿಯುವ ಭಾಷೆಯಲ್ಲಿ ದೊರೆಯುವುದೇ ಎಂಬುದಂತೂ ನಮಗೆ ವಿಶೇಷವಾಗಿ ಸೇರಿದ್ದು. ಸಂವಿಧಾನದ 350 ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣವನ್ನು ಹೇಳುತ್ತದೆ. ಭಾಷೆಯ ಬೇಡಿಕೆಯನ್ನೂ ವಿಜ್ಞಾನದ ಬೇಡಿಕೆಯನ್ನೂ ಹೀಗೆ ಒಂದೇ ನೂಲಿನಲ್ಲಿ ಹುರಿಮಾಡಿ ಕೇಳಬಹುದು.

ಕೊನೆಯದಾಗಿ ಸಂಘದ ಮುಂದೆ ಒಂದು ಸಲಹೆಯನ್ನಿಡುತ್ತೇವೆ. ಮುಂದೆ ಯಾವ ಚುನಾವಣೆ ಬಂದರೂ, ಕ್ಷೇತ್ರದ ಎಲ್ಲ ಉಮೇದುವಾರರಿಗೂ ಸಂಘವು ಒಂದೇ ಪತ್ರವನ್ನು ಕಳುಹಿಸಲಿ. ನಮ್ಮ ಊರುಗಳ ಕುಡಿಯುವ ನೀರಿನ ಪರೀಕ್ಷೆಯ ಫಲವನ್ನು ವರ್ಷಕ್ಕೆರಡು ಬಾರಿ ಬೀದಿಯ ಹಲಗೆಯ ಮೇಲೆ ಬರೆಸುವಿರಾ? ಸರಬಂಗಾದ ಕೆರೆಗಳಿಗೆ ಪ್ರತಿವರ್ಷ ಬಂದ ನೀರಿನ ಲೆಕ್ಕವನ್ನು ಪ್ರಕಟಿಸುವಿರಾ? ನೇಕಾರರ ಕಿವಿ, ಶ್ವಾಸಕೋಶಗಳ ಪರೀಕ್ಷೆಗೆ ಹಣವನ್ನು ಎಲ್ಲಿಂದ ತರುವಿರಿ? ನಿಮ್ಮ ಪಕ್ಷವು ಹಿಂದೆ ಹೇಳಿದುದರಲ್ಲಿ ಎಷ್ಟನ್ನು ಮಾಡಿತು? ಪತ್ರವು ತಮಿಳಿನಲ್ಲಿರಲಿ, ಜೊತೆಗೆ ಕನ್ನಡದಲ್ಲಿಯೂ ಇರಲಿ. ನಮ್ಮ ನೆರೆಯ ತಮಿಳು ಬಂಧುಗಳೂ ಅದಕ್ಕೆ ರುಜು ಹಾಕುವಂತಾಗಲಿ, ಏಕೆಂದರೆ ಬಾವಿ ಒಂದೇ. ಬಂದ ಉತ್ತರಗಳನ್ನು, ಉತ್ತರ ಬಾರದಿದ್ದರೆ ಆ ಹೆಸರಿನ ಮುಂದೆ ಖಾಲಿ ಜಾಗವನ್ನು, ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚುಹಾಕಿಸಬಹುದು. ತಮಿಳಿನ ಕರಡನ್ನು ತಿದ್ದಲು ನಮಗಿಂತ ಬಲ್ಲವರು ಈ ಸಭೆಯಲ್ಲಿದ್ದಾರೆ. ಕನ್ನಡದ ಕರಡನ್ನು ಬರೆದುಕೊಡುವ ಭಾರ ನಮ್ಮದು.